ಪಟ್ಟಿಯ ಕೊನೆಯ ಸಾಲು

ನೂರ ಇಪ್ಪತ್ತೈದು ಸೆಕೆಂಡಿಗೊಮ್ಮೆ
ರೌಟರು ಕೂಗುತ್ತದೆ,
ಭಾಂಡುಪಿನ ಗಲ್ಲಿಗಳಿಗೆಲ್ಲ ಒಂದೇ ಕೂಗು:
ಯಾರಾದರೂ ಇದ್ದೀರಾ?
ಎಷ್ಟು ಜನ ಎಂದಲ್ಲ. ಯಾರ ಪೈಕಿ ಎಂದೂ ಅಲ್ಲ.
ಒಬ್ಬರು ಓ ಎಂದರೆ ಸಾಕು, ಆ ಕಾಲುವೆಗೆ ನೀರು.
ಇಲ್ಲವಾದರೆ ಒಂದು ಬುಟ್ಟಿ ಮಣ್ಣು.

ನಾನು ರಾತ್ರಿ ಪಾಳಿಯವಳು.
ಸ್ಟೇಷನ್ನಿನ ಪಶ್ಚಿಮಕ್ಕೆ, ಹಿಟ್ಟಿನ ಗಿರಣಿಯ ಮಾಳಿಗೆಯಲ್ಲಿ
ಕೇಬಲ್ ಕಂಪನಿಯ ತಣ್ಣನೆಯ ಕೋಣೆ.
ಕೆಳಗೆ ಗಿರಣಿ ನಿಂತರೂ ಹಿಟ್ಟು ನಿಲ್ಲುವುದಿಲ್ಲ,
ಸ್ವಿಚ್ಚುಗಳ ಮೂತಿಗೆಲ್ಲ ಗೋಧಿಯ ಪೌಡರು.
ವಾರಕ್ಕೊಮ್ಮೆ ಬ್ರಷ್ಷು ಹಿಡಿದು ಒರೆಸುತ್ತೇನೆ,
ಶಾಲೆಗೆ ಹೊರಟ ಮಕ್ಕಳಿಗೆ ಒರೆಸಿದ ಹಾಗೆ.

ಮೇಜಿನ ಮೇಲೆ ಕುಡಾಳ್ಕರ್ ಸಾಹೇಬರ ಮರಾಠಿ ಚೀಟಿ:
ಯಾರೂ ನೋಡದ ಚಾನೆಲ್ಲು ಫಿಲ್ಟರಿಗೆ ಹಾಕು.
ಹದಿನೇಳು ಗುಂಪು. ಒಂದೊಂದೇ ತೆರೆದು ನೋಡಿದೆ.
ಹದಿನಾರು ಖಾಲಿ.
ಹದಿನೇಳನೆಯದು ಕನ್ನಡ, ೨೩೯.೧೦.೪.೧೭.
ಒಂದೇ ಪೋರ್ಟು, ಒಂದೇ ಪೆಟ್ಟಿಗೆ.
ಕೂಗಿದಾಗಲೆಲ್ಲ, ಹತ್ತು ಸೆಕೆಂಡು ಕಳೆಯುವುದರೊಳಗೆ,
ಇದ್ದೇನೆ.
ರಾತ್ರಿ ಎರಡಕ್ಕೆ. ಎರಡು ದಾಟಿ ಎರಡು ನಿಮಿಷಕ್ಕೆ. ನಾಲ್ಕಕ್ಕೂ.

ನಿದ್ದೆಗೆಟ್ಟವರು ಯಾರೋ, ಅಂದುಕೊಂಡೆ.
ಇಲ್ಲಾ ಆರಿಸಲು ಮರೆತ ಪೆಟ್ಟಿಗೆ.
ಅದಕ್ಕೇನು, ಮನೆಮಂದಿಯೆಲ್ಲ ಬೀಗ ಹಾಕಿ ಹೋದರೂ
ಕಲಿಸಿದ ಮಾತು ಒಪ್ಪಿಸುತ್ತ ಕೂತಿರುತ್ತದೆ.

ಪಾಳಿ ಮುಗಿಸಿ ವಿಳಾಸ ಹುಡುಕಿಕೊಂಡು ಹೋದೆ.
ಆಸ್ಪತ್ರೆಯ ಚಾದರ ಒಗೆಯುವ ಲಾಂಡ್ರಿ.
ಆವಿಯೊಳಗೆ ನಾಲ್ಕು ಜನ, ನಾಲ್ಕು ಇಸ್ತ್ರಿ,
ಇನ್ನೂ ಬಿಸಿ ಇಳಿಯದ ಬಿಳಿಯ ಗುಡ್ಡೆ.
ಗೋಡೆಗೆ ಟೀವಿ. ಪರದೆ ಸತ್ತು ವರ್ಷವಾಗಿದೆಯಂತೆ.
ಆ ಕಪ್ಪಿನೊಳಗಿಂದ ಯಾರೋ ಹವಾಮಾನ ಓದುತ್ತಿದ್ದರು:
ಇಂಡಿ, ಸಿಂದಗಿ, ಬಸವನ ಬಾಗೇವಾಡಿ.

'ಇದನ್ನ ಯಾರು ನೋಡ್ತೀರಿ?'
ನನ್ನ ಕನ್ನಡ ಡೊಂಬಿವಲಿಯ ಅಡುಗೆಮನೆಯದು,
ಹೊರಗೆ ತೆಗೆದರೆ ಒಂದು ಕ್ಷಣ ಕಣ್ಣು ಕಿರಿದು ಮಾಡುತ್ತದೆ.
ಚಂದ್ರಾಮ ಗುರುಬಾಯಿಯ ಕಡೆ ನೋಡಿದ,
ಗುರುಬಾಯಿ ದಸ್ತಗೀರನ ಕಡೆ,
ದಸ್ತಗೀರ ಇಸ್ತ್ರಿಯ ಕಡೆ.
ಈ ಮೌನ ನನಗೆ ಗೊತ್ತು.
ಪೆಟ್ಟಿಗೆಗಳೂ ಹೀಗೇ ಒಂದು ಗಳಿಗೆ ತಡೆಯುತ್ತವೆ,
ಬೇರೆ ಯಾರಾದರೂ ಹೇಳಲಿ ಎಂದು.
ಒಬ್ಬರು ಬಾಯಿಬಿಟ್ಟರೆ
ಉಳಿದವರು ತಮ್ಮದನ್ನು ನುಂಗಿಕೊಳ್ಳುತ್ತಾರೆ.
ಲೆಕ್ಕಕ್ಕೆ ಸಿಗುವುದು ಒಬ್ಬರೇ.

'ನೋಡೂದೇನೈತ್ರಿ ಅದರಾಗ,' ಅಂದಳು
ಮೂಲೆಯ ಹುಡುಗಿ, ತಲೆ ಎತ್ತದೆ,
'ಮಾತ ಕೇಳಸ್ತಾವ. ಇರ್ಲಿ ಬಿಡ್ರಿ.'
ಅವಳ ಹೆಸರು ಕೇಳುವುದು ಮರೆತೆ.

ರಾತ್ರಿ ಫಿಲ್ಟರು ಬರೆಯಲು ಕೂತೆ.
ಪಟ್ಟಿಯನ್ನು ರೌಟರು ಮೇಲಿನಿಂದ ಓದುತ್ತದೆ,
ಹೊಂದಿದ ಮೊದಲ ಸಾಲಿಗೇ ನಿಂತುಬಿಡುತ್ತದೆ.
ಕೊನೆಗೊಂದು ಸಾಲಿದೆ, ಯಾರೂ ಬರೆಯದೆ ಇರುವುದು:
ಉಳಿದದ್ದೆಲ್ಲ, ಇಲ್ಲ.
ಕೆಲಸಕ್ಕೆ ಹೊಸದರಲ್ಲಿ ಅದನ್ನು ಮರೆತು
ಇಡೀ ಮುಲುಂಡಿನ ಟೀವಿ ಕುರುಡು ಮಾಡಿದ್ದೆ,
ಭಾನುವಾರ, ಕ್ರಿಕೆಟ್ಟಿನ ನಡುವೆ.

ಮೊದಲ ಸಾಲು ಅನುಮತಿ: ೨೩೯.೧೦.೪.೧೭.
ಆಮೇಲೆ ಹದಿನಾರು ಬೇಡ.
ಆಮೇಲೆ ಮಿಕ್ಕವಕ್ಕೆಲ್ಲ ಹೂಂ.
ಹಾಗೆ ನೋಡಿದರೆ ಮೊದಲ ಸಾಲು ಬೇಕೇ ಇರಲಿಲ್ಲ.
ಇರಲಿ ಬಿಡಿ.
ಷರಾ ಅಂಕಣದಲ್ಲಿ ಬರೆದೆ, ಸದಸ್ಯರು: ನಾಲ್ಕು.
ಯಂತ್ರ ಒಂದು ಎನ್ನುತ್ತದೆ. ಸಾಹೇಬರು ಕೇಳುತ್ತಾರೆ. ಕೇಳಲಿ.

ಈಗ ರೌಟರು ಕೂಗಿದಾಗಲೆಲ್ಲ
ನನ್ನ ನಾಲಗೆಯೂ ಸ್ವಲ್ಪ ಏಳುತ್ತದೆ.
ಅಷ್ಟರಲ್ಲಿ ಲಾಂಡ್ರಿಯ ಪೆಟ್ಟಿಗೆ ಹೇಳಿಬಿಡುತ್ತದೆ.
ನಾನು ನನ್ನದನ್ನು ನುಂಗಿ
ಬ್ರಷ್ಷು ಹುಡುಕುತ್ತೇನೆ, ಹಿಟ್ಟು ಒರೆಸಲು.